ದಂತಾಂತರಸಾಧನಗಳ ತಾರತಮ್ಯವಿಚಾರ

೧. ವಿಷಯಪ್ರವೇಶ

ವಕ್ರವಾಗಿ ಹುಟ್ಟಿದ ಅಥವಾ ಎಡೆಗೆಟ್ಟು ನಿಂತ ಹಲ್ಲುಗಳನ್ನು ಸಾಲಿಗೆ ತರುವ ವೈದ್ಯಕ್ಕೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ವಕ್ರದಂತಚಿಕಿತ್ಸೆ ಎಂದು ಬರೆಯುವುದುಂಟು. ಜನರ ಆಡುಮಾತಿನಲ್ಲಿ ಇದು ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’. ಫ್ರಾನ್ಸ್ ದೇಶದ ಪಿಯರ್ ಫೋಶಾರ್ ಎಂಬಾತನು ೧೭೨೮ರಲ್ಲಿ ಪ್ರಕಟಿಸಿದ ದಂತವೈದ್ಯಗ್ರಂಥದಲ್ಲಿಯೇ ಹಲ್ಲಿನ ಸಾಲನ್ನು ತಿದ್ದುವ ಲೋಹದ ಪಟ್ಟಿಯೊಂದರ ವರ್ಣನೆ ಇದೆ. ಅಮೆರಿಕದ ಎಡ್ವರ್ಡ್ ಏಂಗಲ್ (೧೮೫೫–೧೯೩೦) ಎಂಬಾತನು ೧೮೯೯ರಲ್ಲಿ ದಂತಪಂಕ್ತಿಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಆ ಕಾಲದಿಂದ ಈಚೆಗೆ ಈ ವೈದ್ಯವು ಪ್ರತ್ಯೇಕವಾದ ಒಂದು ಶಾಸ್ತ್ರವಾಗಿ ನೆಲೆಗೊಂಡಿತು.

ಈ ಚಿಕಿತ್ಸೆಯಲ್ಲಿ ದವಡೆಯ ಹಲ್ಲುಗಳಿಗೆ ‘ಬ್ಯಾಂಡ್’ ಎಂಬ ತೆಳುವಾದ ಉಕ್ಕಿನ ಉಂಗುರವನ್ನು ತೊಡಿಸಿ, ಅದನ್ನು ಸಿಮೆಂಟಿನಿಂದ ಭದ್ರಪಡಿಸುವ ಪದ್ಧತಿ ಉಂಟು. ಹಲ್ಲುಗಳನ್ನು ಎಳೆಯುವ ತಂತಿಗೆ ಆ ಉಂಗುರವೇ ಆಧಾರ. ಆದರೆ ದವಡೆಯ ಹಲ್ಲುಗಳು ಸಾಮಾನ್ಯವಾಗಿ ಒಂದಕ್ಕೊಂದು ಒತ್ತಿಕೊಂಡಿರುವುವು. ಅವುಗಳ ಸಂಧಿಯಲ್ಲಿ ಒಂದು ಎಳೆ ದಾರವು ಬಲವಂತದಿಂದ ನುಸುಳಬಹುದೇ ಹೊರತು ಉಕ್ಕಿನ ತಗಡಿಗೆ ದಾರಿಯಿಲ್ಲ. ಉಂಗುರದ ತಗಡಿನ ದಪ್ಪ ಸುಮಾರು ೦.೧೫ ಮಿಲಿಮೀಟರು, ಸಿಮೆಂಟಿನ ಪದರವನ್ನೂ ಕೂಡಿಸಿಕೊಂಡರೆ ಪ್ರತಿಯೊಂದು ಸಂಧಿಯಲ್ಲಿಯೂ ಹೆಚ್ಚುಕಡಿಮೆ ಕಾಲು ಮಿಲಿಮೀಟರಿನಷ್ಟು ಎಡೆ ಬೇಕಾಗುವುದು. ಈ ಎಡೆಯನ್ನು ಮುಂಚಿತವಾಗಿ ಉಂಟುಮಾಡುವುದಕ್ಕಾಗಿ ಕೆಲವು ದಿನಗಳ ಮಟ್ಟಿಗೆ ಹಲ್ಲುಗಳ ನಡುವೆ ಇಡುವ ಚಿಕ್ಕ ಉಪಕರಣಕ್ಕೆ ‘ಸೆಪರೇಟರ್’ ಎಂದು ಹೆಸರು. ಪ್ರಕೃತ ಲೇಖನದಲ್ಲಿ ಅದನ್ನು ದಂತಾಂತರಸಾಧನವೆಂದೂ, ಸಂಕ್ಷೇಪವಾಗಿ ಸಾಧನವೆಂದೂ ಕರೆಯಲಾಗಿದೆ.

ಈಚೆಗೆ ದವಡೆಯ ಹಲ್ಲಿನ ಮೇಲೆಯೂ ಚಿಕ್ಕದೊಂದು ಲೋಹದ ಕೊಳವೆಯನ್ನು ನೇರವಾಗಿ ಅಂಟಿಸುವ ರೂಢಿ ಹೆಚ್ಚಿರುವುದರಿಂದ ಎಲ್ಲ ರೋಗಿಗಳಿಗೂ ಸಾಧನವು ಬೇಕಾಗುವುದಿಲ್ಲ. ಆದರೂ ಮೇಲ್ದವಡೆಯನ್ನು ಅಗಲಿಸುವ ಉಪಕರಣ, ಹಾಲುಹಲ್ಲು ಅಕಾಲದಲ್ಲಿ ಬಿದ್ದ ಎಡೆಯನ್ನು ಕಾದಿಡುವ ಉಪಕರಣ ಮೊದಲಾದವುಗಳಿಗೆ ಉಂಗುರವು ಇಂದಿಗೂ ಆವಶ್ಯಕ. ಆದುದರಿಂದ ಯಾವ ಸಾಧನವು ಬೇಕಾದಷ್ಟು ಎಡೆಯನ್ನು ಕೊಡುವುದು, ಯಾವುದು ರೋಗಿಯನ್ನು ಕಡಮೆ ನೋಯಿಸುವುದು ಎಂಬ ಪ್ರಶ್ನೆಯು ಇಂದಿಗೂ ಉಳಿದಿದೆ.

ಇದು ವೈದ್ಯರ ಪ್ರಶ್ನೆ. ಭಾಷೆಯನ್ನೂ ಸಾಹಿತ್ಯವನ್ನೂ ಓದಿಸುವವರಿಗೆ ಇದರಿಂದೇನು? ಎಂಬ ಆಕ್ಷೇಪವು ಇಲ್ಲಿ ಹುಟ್ಟಬಹುದು. ಅದಕ್ಕೆ ಸಮಾಧಾನವಿದು: ಎರಡು ಸಾಧನಗಳನ್ನು ಹೋಲಿಸುವಾಗ ಎರಡು ಬಗೆಯ ಫಲಗಳನ್ನು ಅಳೆಯಬೇಕಾಗುವುದು. ಮೊದಲನೆಯದಾದ ಎಡೆಯು ಕಣ್ಣಿಗೆ ಕಾಣುವುದು, ಉಕ್ಕಿನ ಅಳತೆಗೋಲಿಗೆ ಸಿಕ್ಕುವುದು. ಎರಡನೆಯದಾದ ನೋವು ರೋಗಿಗೆ ಮಾತ್ರ ತಿಳಿಯುವುದು. ಇತರರಿಗೆ ಅದು ಅವನ ಮಾತಿನಿಂದಲೇ ತಿಳಿಯಬೇಕು. ಆದಕಾರಣ ತಾರತಮ್ಯದ ಅರ್ಧಭಾಗವು ಅಳತೆಗೋಲಿನ ಮೇಲೆಯೂ ಇನ್ನರ್ಧವು ಶಬ್ದಾರ್ಥದ ಮೇಲೆಯೂ ನಿಂತಿದೆ. ಈ ಎರಡನೆಯ ಅರ್ಧದಲ್ಲಿ ಭಾಷೆಯನ್ನು ಬಲ್ಲವರಿಗೂ ಕೆಲಸವಿದೆ.

೨. ಸಾಧನಗಳ ಸ್ವರೂಪ

ಬಳಕೆಯಲ್ಲಿರುವ ಸಾಧನಗಳಲ್ಲಿ ಮುಖ್ಯವಾದುವು ಮೂರು.

ಮೊದಲನೆಯದು ಹಿತ್ತಾಳೆಯ ತಂತಿ. ಇದು ಹಳೆಯ ಕ್ರಮ. ಸುಮಾರು ಅರ್ಧ ಮಿಲಿಮೀಟರು ದಪ್ಪದ ಮೃದುವಾದ ತಂತಿಯನ್ನು ಕೊಕ್ಕೆಯಂತೆ ಬಾಗಿಸಿ, ಹಲ್ಲುಗಳು ತಗಲುವ ಜಾಗದ ಕೆಳಗಿನಿಂದ ತೂರಿಸಿ, ಮೇಲಿನಿಂದ ಮರಳಿ ತಂದು, ಎರಡು ತುದಿಗಳನ್ನೂ ಕೂಡಿಸಿ ಹೊಸೆದು ಬಿಗಿಮಾಡುವರು. ಉಳಿದ ತುದಿಯನ್ನು ಕತ್ತರಿಸಿ ಒಸಡಿನ ಬಳಿ ಹಲ್ಲುಸಂದಿಗೆ ಮಡಿಸುವರು. ಐದಾರು ದಿನಗಳಲ್ಲಿ ಎಡೆ ಉಂಟಾಗುವುದು. ತಂತಿಗೆ ಸ್ಥಿತಿಸ್ಥಾಪಕತ್ವವು ಅತ್ಯಲ್ಪವಾದುದರಿಂದ ಅದರ ಒತ್ತಡವೆಲ್ಲ ಹೊಸೆದ ಆ ಕ್ಷಣದಲ್ಲಿಯೇ ಬೀಳುವುದು. ಹಲ್ಲು ಸ್ವಲ್ಪ ಸರಿದ ಮೇಲೆ ತಂತಿಯು ಅದನ್ನು ಹಿಂಬಾಲಿಸಲಾರದು.

ಎರಡನೆಯದು ರಬ್ಬರಿನ ಉಂಗುರ. ‘ರಬ್ಬರ್’ ಎಂಬುದು ರೂಢಿಯ ಹೆಸರು; ಇದನ್ನು ಸಾಮಾನ್ಯವಾಗಿ ಮಾಡುವುದು ಪಾಲಿಯುರೆಥೇನ್ ಮೊದಲಾದ ಕೃತಕ ದ್ರವ್ಯಗಳಿಂದ. ಕಡಲೆಗಿಂತ ಚಿಕ್ಕದಾದ ಈ ಉಂಗುರವನ್ನು ವಿಶೇಷವಾದ ಇಕ್ಕಳದಿಂದಾಗಲಿ, ಎರಡು ಕುಣಿಕೆ ಮಾಡಿದ ಫ್ಲಾಸ್ ದಾರದಿಂದಾಗಲಿ ಎಳೆದು ತೆಳ್ಳಗೆ ಮಾಡಿ, ಅದರ ಒಂದು ಪಾರ್ಶ್ವವನ್ನು ಹಲ್ಲುಗಳ ಸಂಧಿಯೊಳಗೆ ಇಳಿಸುವರು. ಬಿಟ್ಟೊಡನೆ ಅದು ತನ್ನ ಮೊದಲಿನ ಆಕಾರಕ್ಕೆ ಮರಳಲು ತವಕಿಸುವುದು. ಆ ತವಕವೇ ಹಲ್ಲುಗಳನ್ನು ದೂರಮಾಡುವ ಬಲ. ಈ ಬಲವು ಮೊದಲು ಹೆಚ್ಚಾಗಿದ್ದು ದಿನ ಕಳೆದಂತೆ ಕುಂದುತ್ತ ಹೋಗುವುದು.

ಮೂರನೆಯದು ಉಕ್ಕಿನ ಸ್ಪ್ರಿಂಗು. ಕೆಸ್ಲಿಂಗ್ ಸ್ಪ್ರಿಂಗ್ ಎಂದು ಇದಕ್ಕೆ ಪ್ರಸಿದ್ಧಿ. ಒಂದು ಚಿಕ್ಕ ಸುರುಳಿ, ಅದರಿಂದ ಹೊರಟ ಎರಡು ತೋಳುಗಳು. ಒಂದು ತೋಳು ಹಲ್ಲುಗಳ ಸಂಧಿಯ ಮೇಲೆ, ಇನ್ನೊಂದು ಕೆಳಗೆ. ಸುರುಳಿಯ ಬಿಗಿಯಿಂದ ತೋಳುಗಳೆರಡೂ ಒಂದನ್ನೊಂದು ಕೂಡಲು ಯತ್ನಿಸಿ ನಡುವಿನ ಹಲ್ಲುಗಳನ್ನು ಸರಿಸುವುವು. ಹಾಕುವುದೂ ತೆಗೆಯುವುದೂ ಉಳಿದೆರಡಕ್ಕಿಂತ ಸುಲಭ. ಆದರೆ ಎಡೆ ಉಂಟಾದಂತೆಲ್ಲ ಸ್ಪ್ರಿಂಗು ಸಡಿಲವಾಗಿ ಉದುರಿಹೋಗುವ ಸಂಭವ ಹೆಚ್ಚು; ಇದೇ ಅದರ ಪ್ರಧಾನ ದೋಷವೆಂದು ಶಾಸ್ತ್ರಜ್ಞರು ಎಣಿಸುವರು.

ರಬ್ಬರಿನ ಉಂಗುರಕ್ಕೆ ಬೇರೊಂದು ಭಯವುಂಟು. ಅದು ಕೆಳಕ್ಕೆ ಜಾರಿ ಒಸಡಿನೊಳಗೆ ಅಡಗಿಬಿಟ್ಟರೆ ರೋಗಿಯು ಉದುರಿತೆಂದೇ ತಿಳಿಯುವನು; ಒಳಗಿದ್ದುಕೊಂಡೇ ಅದು ಒಸಡನ್ನು ಕೆರಳಿಸಿ ಹಲ್ಲಿನ ಸುತ್ತಣ ಎಲುಬನ್ನು ಕ್ಷಯಗೊಳಿಸಬಹುದು. ಆದುದರಿಂದಲೇ ಈ ಉಂಗುರಗಳನ್ನು ಎದ್ದುಕಾಣುವ ಬಣ್ಣಗಳಲ್ಲಿಯೂ, ಕ್ಷಕಿರಣದ ಚಿತ್ರದಲ್ಲಿ ತೋರುವ ದ್ರವ್ಯದಿಂದಲೂ ಮಾಡುವರು. ಹಾಕಿದುದೆಷ್ಟು, ತೆಗೆದುದೆಷ್ಟು ಎಂದು ಲೆಕ್ಕವಿಡುವರು. ಎರಡು ವಾರಗಳಿಗಿಂತ ಹೆಚ್ಚು ಕಾಲ ಬಾಯಲ್ಲಿ ಬಿಡುವುದಿಲ್ಲ.

೩. ನೋವಿನ ಕಾರಣ

ಹಲ್ಲು ಎಲುಬಿನೊಳಗೆ ಗೋಡೆಯಲ್ಲಿ ಮೊಳೆ ಹೊಡೆದಂತೆ ನಾಟಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ೦.೧೫ರಿಂದ ೦.೩೮ ಮಿಲಿಮೀಟರು ಅಗಲದ ಒಂದು ತಂತುಮಯವಾದ ಪೊರೆಯುಂಟು. ರಕ್ತನಾಳಗಳೂ ನರಗಳೂ ಈ ಪೊರೆಯಲ್ಲಿ ಹರಡಿವೆ. ಸಾಧನವು ಹಲ್ಲನ್ನು ಒತ್ತಿದಾಗ ಹಲ್ಲು ಸರಿಯುವ ದಿಕ್ಕಿನಲ್ಲಿ ಪೊರೆಯು ಅದುಮಲ್ಪಡುವುದು, ಹಿಂದಿನ ದಿಕ್ಕಿನಲ್ಲಿ ಸೆಳೆಯಲ್ಪಡುವುದು. ಅದುಮಿದ ಕಡೆಯಲ್ಲಿ ಎಲುಬು ಕರಗಿ, ಸೆಳೆದ ಕಡೆಯಲ್ಲಿ ಹೊಸ ಎಲುಬು ಕಟ್ಟುವುದರಿಂದ ಹಲ್ಲು ನೆಲೆಯನ್ನು ಬದಲಿಸುವುದು. ಸ್ವೀಡನ್ ದೇಶದ ಕಾರ್ಲ್ ಸಾಂಡ್‌ಸ್ಟೆಟ್ ೧೯೦೪ರ ಸುಮಾರಿಗೆ ಇದನ್ನು ಪ್ರಯೋಗದಿಂದ ತೋರಿಸಿದನು. ಆಸ್ಟ್ರಿಯದ ಶ್ವಾರ್ಟ್ಸ್ ೧೯೩೨ರಲ್ಲಿ, ಒತ್ತಡವು ಸೂಕ್ಷ್ಮರಕ್ತನಾಳಗಳೊಳಗಿನ ಒತ್ತಡವನ್ನು, ಅಂದರೆ ಚದರ ಸೆಂಟಿಮೀಟರಿಗೆ ೨೦ರಿಂದ ೨೬ ಗ್ರಾಮುಗಳನ್ನು, ಮೀರಬಾರದೆಂದು ಪ್ರತಿಪಾದಿಸಿದನು. ಅದನ್ನು ಮೀರಿದರೆ ರಕ್ತಸಂಚಾರವು ನಿಂತು ಪೊರೆಯ ಆ ಭಾಗವು ನಿರ್ಜೀವವಾಗುವುದೆಂದು ಅವನ ಅಭಿಪ್ರಾಯ.

ಸಾಧನವನ್ನು ಇಟ್ಟ ಗಳಿಗೆಯಲ್ಲಿ ತೋರುವುದು ಬರಿಯ ಒತ್ತು, ಬಿಗಿ. ನಿಜವಾದ ನೋವು ಕೆಲವು ತಾಸುಗಳಾದ ಮೇಲೆ ಹುಟ್ಟುವುದು. ಅದುಮಿದ ಪೊರೆಯಲ್ಲಿ ಪ್ರೊಸ್ಟಗ್ಲಾಂಡಿನ್, ಬ್ರ್ಯಾಡಿಕೈನಿನ್ ಮೊದಲಾದ ದ್ರವ್ಯಗಳು ಉಂಟಾಗಿ ನರಗಳ ತುದಿಗಳನ್ನು ಎಚ್ಚರಗೊಳಿಸುವುವು. ಆಮೇಲೆ ಆಹಾರವನ್ನು ಅಗಿಯುವಷ್ಟು ಸಾಮಾನ್ಯವಾದ ಒತ್ತಡವೂ ನೋವಾಗಿ ಪರಿಣಮಿಸುವುದು. ಅಮೆರಿಕದಲ್ಲಿ ಪೀಟರ್ ನ್ಗಾನ್ ಮತ್ತು ಸಂಗಡಿಗರು ೧೯೮೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೭೦ ರೋಗಿಗಳನ್ನು ವಿಚಾರಿಸಿದರು. ಸಾಧನ ಅಥವಾ ತಂತಿಯನ್ನು ಹಾಕಿದ ೪ ತಾಸಿಗೂ ೨೪ ತಾಸಿಗೂ ಬಾಧೆಯು ಸ್ಪಷ್ಟವಾಗಿ ಹೆಚ್ಚಿತ್ತು. ೭ ದಿನಗಳಾಗುವಾಗ ಚಿಕಿತ್ಸೆಯ ಮುಂಚಿನ ಮಟ್ಟಕ್ಕೆ ಇಳಿದಿತ್ತು. ಈ ಕಾಲಕ್ರಮವು ಅನಂತರದ ಪರೀಕ್ಷೆಗಳಲ್ಲಿಯೂ ಮರುಮರುಳಿ ಕಂಡುಬಂದಿದೆ: ನೋವು ಮೊದಲೆರಡು ದಿನಗಳಲ್ಲಿ ಶಿಖರವನ್ನೇರಿ ಐದಾರು ದಿನಗಳಲ್ಲಿ ಅಡಗುವುದು.

ಇದರಿಂದ ಒಂದು ಸಂಗತಿ ಸಿದ್ಧವಾಗುವುದು. ಎಡೆಯು ಹೆಚ್ಚುತ್ತಿರುವ ಕಾಲವೂ ನೋವು ಹೆಚ್ಚಿರುವ ಕಾಲವೂ ಒಂದೇ ಅಲ್ಲ. ಎಡೆಯನ್ನು ವಾರದ ಕೊನೆಯಲ್ಲಿ ಅಳೆಯಬೇಕು. ನೋವನ್ನು ಮೊದಲ ರಾತ್ರಿ, ಎರಡನೆಯ ದಿನ ವಿಚಾರಿಸಬೇಕು. ವಾರ ಕಳೆದು ಬಂದ ರೋಗಿಯನ್ನು ‘ನೋವಾಯಿತೇ?’ ಎಂದು ಕೇಳಿ ಬರೆದುಕೊಂಡ ಉತ್ತರವು ನೋವಿನ ಅಳತೆಯಲ್ಲ, ನೆನಪಿನ ಅಳತೆ.

೪. ಎಡೆಯ ಅಳತೆ

ಎಡೆಯನ್ನು ಅಳೆಯುವುದಕ್ಕೆ ಗೊತ್ತಾದ ದಪ್ಪವುಳ್ಳ ತೆಳುವಾದ ಉಕ್ಕಿನ ಎಲೆಗಳ ಕಟ್ಟನ್ನು ಉಪಯೋಗಿಸುವರು. ಮೋಟಾರು ದುರಸ್ತಿ ಮಾಡುವವರಲ್ಲಿ ‘ಫೀಲರ್ ಗೇಜ್’ ಎಂಬ ಹೆಸರಿನಿಂದ ಪ್ರಸಿದ್ಧವಾದುದು ಇದೇ. ಸಾಧನವನ್ನು ತೆಗೆದು, ಒಂದೊಂದೇ ಎಲೆಯನ್ನು ಸಂಧಿಯೊಳಗೆ ಇಳಿಸಿ, ಬಲಾತ್ಕಾರವಿಲ್ಲದೆ ಹೋಗುವ ಅತ್ಯಂತ ದಪ್ಪವಾದ ಎಲೆ ಯಾವುದೆಂದು ನೋಡುವರು. ಅದರ ದಪ್ಪವೇ ಎಡೆಯ ಪ್ರಮಾಣ.

ಇದು ಪ್ರತ್ಯಕ್ಷವೇ ಆದರೂ ನಿರ್ದೋಷವಲ್ಲ. ‘ಬಲಾತ್ಕಾರವಿಲ್ಲದೆ’ ಎಂಬುದು ಅಳೆಯುವವನ ಬೆರಳಿನ ಮೇಲೆ ನಿಂತಿದೆ. ಎಲೆಯನ್ನು ಸ್ವಲ್ಪ ಒತ್ತಿದರೆ ಸಡಿಲವಾದ ಹಲ್ಲು ಎಡೆಗೊಡುವುದು. ಸಾಧನವನ್ನು ತೆಗೆದೊಡನೆ ಹಲ್ಲುಗಳು ಮರಳಿ ಕೂಡಲು ಮೊದಲುಮಾಡುವುದರಿಂದ, ಒಂದನ್ನು ಕೂಡಲೆ ಇನ್ನೊಂದನ್ನು ತಡೆದು ಅಳೆದರೆ ಹೋಲಿಕೆ ಕೆಡುವುದು. ಇದಲ್ಲದೆ, ಹೆಚ್ಚು ಎಡೆಯೇ ಹೆಚ್ಚು ಗುಣವೆಂಬುದೂ ಸರಿಯಲ್ಲ. ಬೇಕಾದುದು ಉಂಗುರವು ನೋವಿಲ್ಲದೆ ಕುಳಿತುಕೊಳ್ಳುವಷ್ಟು ಎಡೆ. ಕಾಲು ಮಿಲಿಮೀಟರು ಸಾಕಾದ ಕಡೆ ಅರ್ಧ ಮಿಲಿಮೀಟರನ್ನು ಕೊಡುವ ಸಾಧನಕ್ಕೆ ಆ ಹೆಚ್ಚಳದಿಂದ ಯಾವ ಶ್ರೇಷ್ಠತೆಯೂ ಬರುವುದಿಲ್ಲ. ಅನ್ನಕ್ಕೆ ಬೇಕಾದಷ್ಟೇ ಉಪ್ಪು, ಮಿಕ್ಕುದು ಗುಣವಲ್ಲ.

೫. ತಾರತಮ್ಯಪರೀಕ್ಷೆಯ ನ್ಯಾಯ

ರಬ್ಬರಿನ ಉಂಗುರವನ್ನು ಧರಿಸಿದ ಹತ್ತು ಜನರು ‘ಬಹಳ ನೋವು’ ಎಂದೂ, ಸ್ಪ್ರಿಂಗನ್ನು ಧರಿಸಿದ ಹತ್ತು ಜನರು ‘ಅಷ್ಟಿಲ್ಲ’ ಎಂದೂ ಹೇಳಿದರೆಂದು ಇಟ್ಟುಕೊಳ್ಳೋಣ. ಇಷ್ಟರಿಂದಲೇ ರಬ್ಬರು ಹೆಚ್ಚು ನೋಯಿಸುವುದೆಂದು ನಿರ್ಣಯಿಸಬಹುದೇ? ಆಗದು. ಇಲ್ಲಿ ತರ್ಕಶಾಸ್ತ್ರದ ಒಂದು ಹಳೆಯ ಪರಿಭಾಷೆ ಉಪಕಾರಕವಾಗುವುದು. ‘ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದು’ ಎಂದು ಒಬ್ಬನು ಹೇಳಿದರೆ ನೈಯಾಯಿಕರು ಒಪ್ಪುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಗೆ ಕಾರಣವು ಬರಿಯ ಬೆಂಕಿಯಲ್ಲ, ಹಸಿಯ ಸೌದೆಯ ಸಂಬಂಧ. ಹೀಗೆ ಹೇತುವಿನ ಮರೆಯಲ್ಲಿ ನಿಂತು ತಾನೇ ಕಾರ್ಯವನ್ನು ಮಾಡುವ ಈ ಮೂರನೆಯ ಸಂಗತಿಗೆ ‘ಉಪಾಧಿ’ ಎಂದು ಹೆಸರು.

ದಂತಾಂತರಸಾಧನಗಳ ಹೋಲಿಕೆಯಲ್ಲಿ ಇಂಥ ಉಪಾಧಿಗಳು ಹಲವು. ರಬ್ಬರನ್ನು ಧರಿಸಿದವರ ಹಲ್ಲುಗಳು ಮೊದಲೇ ಹೆಚ್ಚು ಬಿಗಿಯಾಗಿದ್ದಿರಬಹುದು. ಅವರ ವಯಸ್ಸು ಬೇರೆಯಾಗಿದ್ದಿರಬಹುದು. ಒಬ್ಬರ ನೋವಿನ ಸಹನೆ ಇನ್ನೊಬ್ಬರಿಗಿಲ್ಲ. ಹಾಕಿದ ವೈದ್ಯನ ಕೈ ಒಂದು ಸಾಧನದಲ್ಲಿ ಪಳಗಿ ಇನ್ನೊಂದರಲ್ಲಿ ಹೊಸದಾಗಿದ್ದಿರಬಹುದು. ಕೆಲವರು ಮನೆಗೆ ಹೋಗಿ ನೋವಿನ ಮಾತ್ರೆಯನ್ನು ನುಂಗಿರಬಹುದು. ನೋವಿನ ಮಾತ್ರೆಗಳ ವಿಷಯವಾಗಿ ೨೦೧೭ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ವಕ್ರದಂತಚಿಕಿತ್ಸೆಯ ನೋವನ್ನು ಅವು ತಗ್ಗಿಸುವುವೆಂದು ನಿರ್ಣಯಿಸಿದೆ. ಆದುದರಿಂದ ಮಾತ್ರೆಯ ಲೆಕ್ಕವಿಲ್ಲದ ಪರೀಕ್ಷೆಯಲ್ಲಿ ಸಾಧನದ ಗುಣವಾವುದು, ಮಾತ್ರೆಯ ಗುಣವಾವುದು ಎಂಬ ವಿವೇಕ ಸಾಧ್ಯವಿಲ್ಲ.

ಉಪಾಧಿಗಳನ್ನು ಕಳೆಯುವುದಕ್ಕೆ ಎರಡು ಉಪಾಯಗಳುಂಟು. ಯಾರಿಗೆ ಯಾವ ಸಾಧನವೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ಗೊತ್ತುಮಾಡುವುದು ಒಂದು. ಒಬ್ಬನೇ ರೋಗಿಯ ಬಾಯಲ್ಲಿ ಬಲಗಡೆ ಒಂದು ಸಾಧನವನ್ನೂ ಎಡಗಡೆ ಇನ್ನೊಂದನ್ನೂ ಇಟ್ಟು ನೋಡುವುದು ಇನ್ನೊಂದು. ಎರಡನೆಯದರಲ್ಲಿ ವಯಸ್ಸು, ಸಹನೆ, ಮಾತ್ರೆ ಎಲ್ಲವೂ ಎರಡು ಪಕ್ಷಗಳಿಗೂ ಸಮಾನವಾದುದರಿಂದ ಎಡೆಯ ವಿಚಾರದಲ್ಲಿ ಇದು ಉತ್ತಮವಾದ ಕ್ರಮ. ನೋವಿನ ವಿಚಾರದಲ್ಲಾದರೋ ಇದಕ್ಕೊಂದು ಕುಂದುಂಟು: ಒಂದು ಪಾರ್ಶ್ವದ ನೋವು ಇನ್ನೊಂದರ ನೋವನ್ನು ಮರೆಯಿಸಬಹುದು, ಒಂದು ಕಡೆ ನೋವೆಂದು ರೋಗಿಯು ಇನ್ನೊಂದು ಕಡೆಯಲ್ಲಿಯೇ ಅಗಿದು ಅಲ್ಲಿಯೂ ನೋವನ್ನು ಬರಿಸಿಕೊಳ್ಳಬಹುದು. ಆದಕಾರಣ ಎಡೆಗೆ ಯುಕ್ತವಾದ ಪರೀಕ್ಷಾಕ್ರಮವೇ ನೋವಿಗೂ ಯುಕ್ತವೆಂದು ಹೇಳಲಾಗದು.

ಉದುರಿದ ಸಾಧನಗಳ ಲೆಕ್ಕವೂ ವಿಚಾರಾರ್ಹ. ಸ್ಪ್ರಿಂಗು ಉದುರಿದರೆ ಅದಕ್ಕೆ ಎರಡು ಕಾರಣಗಳಿರಬಹುದು: ಎಡೆ ಪೂರ್ಣವಾಗಿ ತನ್ನ ಕೆಲಸ ಮುಗಿದಿರಬಹುದು, ಅಥವಾ ಸರಿಯಾಗಿ ಕೂರದೆ ಕೆಲಸಕ್ಕೆ ಮುಂಚೆಯೇ ಬಿದ್ದಿರಬಹುದು. ಮೊದಲನೆಯದು ಗುಣ, ಎರಡನೆಯದು ದೋಷ. ಹೀಗೆ ಎರಡು ಕಡೆಗೂ ಸಲ್ಲುವ ಲಕ್ಷಣವನ್ನು ತಾರ್ಕಿಕರು ಅನೈಕಾಂತಿಕವೆಂದು ಬಿಡುವರು. ಬಿದ್ದ ದಿನವನ್ನೂ ಆಗಿನ ಎಡೆಯನ್ನೂ ಬರೆದಿಡದೆ ‘ಇಷ್ಟು ಉದುರಿದುವು’ ಎಂದು ಮಾತ್ರ ಬರೆದರೆ ಆ ಸಂಖ್ಯೆಯಿಂದ ಏನನ್ನೂ ಸಾಧಿಸಲಾಗದು. ಉದುರಿದುವನ್ನು ಬಿಟ್ಟು ಉಳಿದುವನ್ನೇ ಅಳೆದರೆ, ಭದ್ರವಾಗಿ ಕುಳಿತ ಸಾಧನಗಳ ಫಲವೇ ಎಲ್ಲ ಸಾಧನಗಳ ಫಲವೆಂದು ತೋರುವುದು.

ಸ್ವೀಡನ್ನಿನ ಲಾರ್ಸ್ ಬೊಂಡೆಮಾರ್ಕ್ ಮತ್ತು ಸಂಗಡಿಗರು ೨೦೦೪ರಲ್ಲಿ ರಬ್ಬರಿನ ಉಂಗುರವನ್ನೂ ಸ್ಪ್ರಿಂಗನ್ನೂ ಹೋಲಿಸಿ ನೋಡಿದರು. ರಬ್ಬರು ಸ್ವಲ್ಪ ಹೆಚ್ಚು ಎಡೆಯನ್ನು ಕೊಟ್ಟರೂ, ನೋವಿನಲ್ಲಿ ಗಣನೀಯವಾದ ಭೇದವು ಕಂಡುಬರಲಿಲ್ಲ. ಐದನೆಯ ದಿನಕ್ಕೆ ನೋವು ಬಹುಮಟ್ಟಿಗೆ ಅಡಗಿತ್ತು. ಎಡೆಯ ಭೇದವನ್ನು ತೋರಿಸುವುದಕ್ಕಿಂತ ನೋವಿನ ಭೇದವನ್ನು ತೋರಿಸುವುದು ಕಷ್ಟ. ‘ಭೇದ ಕಂಡುಬರಲಿಲ್ಲ’ ಎಂಬುದಕ್ಕೂ ‘ಭೇದವಿಲ್ಲ’ ಎಂಬುದಕ್ಕೂ ಅಂತರವುಂಟು. ಅಳತೆಗೋಲು ಸ್ಥೂಲವಾಗಿದ್ದರೆ ಸೂಕ್ಷ್ಮವಾದ ಭೇದವು ಅದಕ್ಕೆ ಕಾಣಿಸದು. ಹಾಗಾದರೆ ನೋವಿನ ಅಳತೆಗೋಲು ಯಾವುದು?

೬. ನೋವಿನ ಅಳತೆ

ವೈದ್ಯರು ಸಾಮಾನ್ಯವಾಗಿ ಉಪಯೋಗಿಸುವುದು ೧೦೦ ಮಿಲಿಮೀಟರು ಉದ್ದದ ಒಂದು ಗೆರೆ. ಅದರ ಒಂದು ತುದಿಯಲ್ಲಿ ‘ನೋವಿಲ್ಲ’ ಎಂದೂ ಇನ್ನೊಂದು ತುದಿಯಲ್ಲಿ ‘ಊಹಿಸಬಹುದಾದ ಅತ್ಯಂತ ನೋವು’ ಎಂಬರ್ಥದ ಮಾತೂ ಇರುವುವು. ರೋಗಿಯು ತನ್ನ ನೋವು ಇಷ್ಟೆಂದು ಗೆರೆಯ ಮೇಲೆ ಒಂದು ಗುರುತು ಮಾಡುವನು. ಮೊದಲ ತುದಿಯಿಂದ ಅಲ್ಲಿಯ ತನಕ ಎಷ್ಟು ಮಿಲಿಮೀಟರೋ ಅಷ್ಟು ನೋವು. ಬ್ರಿಟನ್ನಿನ ಹಸ್ಕಿಸನ್ ೧೯೭೪ರಲ್ಲಿ ಬರೆದ ಲೇಖನದಿಂದ ಈ ಕ್ರಮಕ್ಕೆ ಹೆಚ್ಚಿನ ಪ್ರಚಾರವಾಯಿತು. ಸಂಖ್ಯೆ ಬಂದೊಡನೆ ಅಳತೆ ಸಿದ್ಧಿಸಿತೆಂದು ತೋರುವುದು. ಆದರೆ ಆ ಗೆರೆಯ ಎರಡು ತುದಿಗಳನ್ನೂ ಹಿಡಿದು ನಿಲ್ಲಿಸಿರುವುದು ಮಾತೇ. ತುದಿಯ ಮಾತು ಬದಲಾದರೆ ಗೆರೆಯ ಪ್ರಮಾಣವೇ ಬದಲಾಗುವುದು.

ನೈಯಾಯಿಕರ ಮತದಲ್ಲಿ ಸುಖದುಃಖಗಳು ಆತ್ಮನ ಗುಣಗಳು. ಅವು ಅವರವರ ಮನಸ್ಸಿಗೆ ಮಾತ್ರ ಪ್ರತ್ಯಕ್ಷ. ಇತರರಿಗೆ ಅವು ಮುಖವಿಕಾರಾದಿಗಳಿಂದ ಅನುಮೇಯ, ಅಥವಾ ಶಬ್ದದಿಂದ ಜ್ಞೇಯ. ಮುಖವಿಕಾರದಿಂದ ಮಾಡುವ ಅನುಮಾನವು ದುರ್ಬಲವೆಂಬುದು ಎಲ್ಲರಿಗೂ ಗೊತ್ತು. ಕೆಲವರು ನೋಯದೆಯೂ ಹಲ್ಲು ಕಚ್ಚುವರು, ಕೆಲವರು ನೊಂದರೂ ಮುಖ ಮುರಿಯರು. ಹೀಗಿರಲು ಉಳಿಯುವುದು ಶಬ್ದಪ್ರಮಾಣವೊಂದೇ. ಸಂಸ್ಕೃತದ ‘ವೇದನಾ’ ಶಬ್ದವು ‘ತಿಳಿ’ ಎಂಬರ್ಥದ ವಿದ್ ಧಾತುವಿನಿಂದ ಹುಟ್ಟಿರುವುದು ಇಲ್ಲಿ ಸ್ಮರಣೀಯ: ನೋವೆಂದರೆ ತನಗೆ ತಾನೇ ತಿಳಿಯುವುದು.

ನೋವಿನ ಮಾತುಗಳನ್ನು ಶಾಸ್ತ್ರೀಯವಾಗಿ ವಿಂಗಡಿಸುವ ಯತ್ನವು ಭಾರತದಲ್ಲಿ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣದ ನೋವುಗಳನ್ನು ಹೆಸರಿಸಿದೆ: ಚುಚ್ಚುವಂಥ ತೋದನ, ಸೀಳುವಂಥ ಭೇದನ, ಹೊಡೆಯುವಂಥ ತಾಡನ, ಕಡೆಯುವಂಥ ಮಂಥನ ಇತ್ಯಾದಿ. ಅವುಗಳ ನಡುವೆ ‘ಚುಮುಚುಮಾಯನ’ ಎಂಬ ಅನುಕರಣಶಬ್ದವೂ ಉಂಟು. ಇವನ್ನು ವಿಂಗಡಿಸಿದುದು ಯಾವ ದೋಷದ ವಿಕಾರವೆಂದು ತಿಳಿಯುವುದಕ್ಕಾಗಿ. ಅದೇ ಸಂಹಿತೆಯು ದಂತರೋಗಗಳಲ್ಲಿ ‘ದಂತಹರ್ಷ’ವನ್ನು, ಅಂದರೆ ಶೀತವನ್ನೂ ಸ್ಪರ್ಶವನ್ನೂ ಹಲ್ಲು ಸಹಿಸದ ವಿಕಾರವನ್ನು, ಬೇರೆಯಾಗಿ ಹೇಳುತ್ತದೆ. ಸೆಪರೇಟರನ್ನು ಪ್ರಾಚೀನ ಗ್ರಂಥದೊಳಗೆ ಹುಡುಕುವ ಪ್ರಯಾಸ ಅನಾವಶ್ಯಕ. ಗ್ರಹಿಸಬೇಕಾದುದು ಇಷ್ಟೇ: ನೋವು ಎಷ್ಟೆಂದು ಕೇಳುವ ಮೊದಲು ಎಂಥದೆಂದು ಕೇಳುವ ಶಿಸ್ತು ಆಯುರ್ವೇದದಲ್ಲಿ ಇದ್ದಿತು.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಮೆಲ್ಜಾಕ್ ಎಂಬಾತನು ಟಾರ್ಗರ್ಸನ್ನನೊಡನೆ ೧೯೭೧ರಲ್ಲಿ ಇಂಗ್ಲಿಷಿನ ೧೦೨ ನೋವಿನ ಮಾತುಗಳನ್ನು ಆರಿಸಿ ಮೂರು ಬಗೆಯಾಗಿ ವಿಂಗಡಿಸಿದನು: ನೋವಿನ ಸ್ಪರ್ಶವನ್ನು ಹೇಳುವುವು, ಅದರಿಂದಾಗುವ ಭಯಸಂಕಟಗಳನ್ನು ಹೇಳುವುವು, ಒಟ್ಟು ತೀವ್ರತೆಯನ್ನು ತೂಗಿ ಹೇಳುವುವು. ೧೯೭೫ರಲ್ಲಿ ಅವನು ೭೮ ಮಾತುಗಳನ್ನು ೨೦ ಗುಂಪುಗಳಲ್ಲಿ ಜೋಡಿಸಿದ ಪ್ರಶ್ನಾವಳಿಯನ್ನು ಪ್ರಕಟಿಸಿದನು. ಅದು ಬೇರೆ ಬೇರೆ ಭಾಷೆಗಳಿಗೆ ಹೋಗುವಾಗ ಕೇವಲ ಅನುವಾದವು ಸಾಲದೆ, ಆಯಾ ಭಾಷೆಯವರ ಬಾಯಿಂದಲೇ ಮಾತುಗಳನ್ನು ಆರಿಸಿಕೊಳ್ಳಬೇಕಾಯಿತು. ಕಾರಣವು ಸ್ಪಷ್ಟ: ನೋವಿನ ಮಾತುಗಳು ನಿಘಂಟಿನಲ್ಲಿ ಸಮಾನವಾದರೂ ಬಾಯಲ್ಲಿ ಸಮಾನವಲ್ಲ.

೭. ಕನ್ನಡದಲ್ಲಿ ನೋವಿನ ಮಾತು

ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿಯೂ ಮಣಿಪಾಲದ ದಂತವೈದ್ಯ ಕಾಲೇಜು ೧೯೬೫ರಲ್ಲಿಯೂ ಆರಂಭವಾದುವು. ಅಂದಿನಿಂದ ಕರ್ಣಾಟಕದಲ್ಲಿ ಇಂಥ ಕಾಲೇಜುಗಳು ಬಹಳವಾಗಿವೆ. ಅಲ್ಲಿಗೆ ಬರುವ ರೋಗಿಗಳಲ್ಲಿ ಹತ್ತರಿಂದ ಹದಿನೈದು ವರ್ಷದ ಮಕ್ಕಳು ಅನೇಕರು. ಅವರಲ್ಲಿ ಕನ್ನಡವೇ ಮನೆಮಾತಾದವರೂ ಅನೇಕರು. ಅಂಥವರನ್ನು ವಿಚಾರಿಸುವಾಗ ಪ್ರಶ್ನೆಯ ಮಾತು ಯಾವುದಾಗಿರಬೇಕು?

ಮೊದಲನೆಯದಾಗಿ, ನೋವನ್ನೂ ಕಿರಿಕಿರಿಯನ್ನೂ ಬೇರ್ಪಡಿಸಬೇಕು. ಹಲ್ಲುಸಂದಿಯಲ್ಲಿ ಮಾಂಸದ ನಾರೋ ಮಾವಿನ ನಾರೋ ಸಿಕ್ಕಿಕೊಂಡಂತಾಗುವುದು ನೋವಲ್ಲ, ಕಿರಿಕಿರಿ. ಸಾಧನವನ್ನು ಇಟ್ಟ ಮೊದಲ ತಾಸುಗಳಲ್ಲಿ ಇರುವುದು ಬಹುಮಟ್ಟಿಗೆ ಇದೇ. ಇದನ್ನು ‘ಅಸೌಖ್ಯ’ವೆಂದು ಮುದ್ರಿಸಿ ಕೊಟ್ಟರೆ ಹನ್ನೆರಡು ವರ್ಷದ ಹುಡುಗಿಗೆ ಅರ್ಥವಾಗದು, ಅರ್ಥವಾದರೂ ಅದು ಜ್ವರ ಬಂದ ಹಾಗೆ ಮೈಗೆ ಸಂಬಂಧಿಸಿದುದೆಂದು ತೋರುವುದು.

ಎರಡನೆಯದಾಗಿ, ತೀವ್ರತೆಯ ಮೆಟ್ಟಲುಗಳನ್ನು ಎಚ್ಚರದಿಂದ ಕಟ್ಟಬೇಕು. ಸಂಸ್ಕೃತದಲ್ಲಿ ‘ವೇದನಾ’ ಎಂಬುದು ಸಾಮಾನ್ಯವಾಚಕ. ಕನ್ನಡಕ್ಕೆ ಬಂದ ‘ವೇದನೆ’ಯು ದೊಡ್ಡ ನೋವನ್ನು, ಹಲವು ವೇಳೆ ಮನಸ್ಸಿನ ನೋವನ್ನು ಹೇಳುವುದು. ‘ಯಾತನೆ’ ಅದಕ್ಕಿಂತಲೂ ಘೋರ. ‘ಬಾಧೆ’ಯಲ್ಲಿ ಬಹುಕಾಲದ ಕಾಟವೆಂಬ ಅರ್ಥವು ಬೆರೆತಿದೆ. ನೋ ಎಂಬ ದ್ರಾವಿಡ ಧಾತುವ��ನಿಂದ ಬಂದ ‘ನೋವು’ ಒಂದೇ ಇವೆಲ್ಲಕ್ಕೂ ಸಮವಾದ ನೆಲಗಟ್ಟು. ಅದರ ಮೇಲೆ ‘ಸ್ವಲ್ಪ’, ‘ಬಹಳ’, ‘ತಡೆಯಲಾರದಷ್ಟು’ ಎಂಬ ವಿಶೇಷಣಗಳನ್ನಿಟ್ಟು ಮೆಟ್ಟಲು ಕಟ್ಟಿದರೆ ಮಕ್ಕಳಿಗೂ ತಿಳಿಯುವುದು. ‘ವೇದನೆ’, ‘ಯಾತನೆ’ಗಳನ್ನು ಮೆಟ್ಟಲು ಮಾಡಿದರೆ ಯಾರೂ ಅವುಗಳ ಮೇಲೆ ಕಾಲಿಡರು, ಎಲ್ಲರ ಉತ್ತರವೂ ಕೆಳಗೇ ಉಳಿಯುವುದು. ಆಗ ಎರಡು ಸಾಧನಗಳ ಭೇದವು ಅಳತೆಗೆ ಸಿಕ್ಕದೆ ಹೋಗುವುದು. ‘ಊಹಿಸಬಹುದಾದ ಅತ್ಯಂತ ನೋವು’ ಎಂಬ ಅನುವಾದಕ್ಕೂ ಇದೇ ದೋಷ. ದೊಡ್ಡ ನೋವನ್ನೇ ಕಾಣದ ಮಗುವು ಏನನ್ನು ಊಹಿಸೀತು? ‘ತಡೆಯಲಾರದ ನೋವು’ ಎಂದರೆ ಅದಕ್ಕೆ ಗೊತ್ತು.

ಮೂರನೆಯದಾಗಿ, ನೋವಿನ ಬಗೆಯನ್ನು ಹೇಳುವುದರಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಪತ್ತುಂಟು. ‘ಜುಮ್ಮೆನ್ನು’, ‘ಚುಳ್ಳೆನ್ನು’, ‘ಚುರ್ರೆನ್ನು’ ಎಂಬುವು ಪರ್ಯಾಯಪದಗಳಲ್ಲ. ತಣ್ಣೀರು ತಗಲಿದಾಗ ಹಲ್ಲು ಜುಮ್ಮೆನ್ನುವುದು; ಅದು ದಂತಹರ್ಷ. ನರಕ್ಕೆ ತಟಕ್ಕನೆ ಚುಚ್ಚಿದಾಗ ಚುಳ್ಳೆನ್ನುವುದು. ಒಸಡು ಗಾಯವಾಗಿ ಖಾರ ತಗಲಿದಾಗ ಚುರ್ರೆನ್ನುವುದು. ಸಾಧನದಿಂದ ಪೊರೆಯು ಅದುಮಿದಾಗ ಬರುವುದು ಇವು ಯಾವುವೂ ಅಲ್ಲ. ಅದು ಕಚ್ಚಿದರೆ ಮಾತ್ರ ಹೆಚ್ಚುವ, ಮಂದವಾಗಿ ಮಿಡಿಯುವ ನೋವು. ಹಾಗಾದುದರಿಂದ ರೋಗಿಯು ‘ಚುರ್ರೆನ್ನುತ್ತದೆ’ ಎಂದರೆ ಹಿತ್ತಾಳೆಯ ತಂತಿಯ ತುದಿಯೋ ಸ್ಪ್ರಿಂಗಿನ ತೋಳೋ ಒಸಡನ್ನು ಗೀರಿದೆಯೇ ಎಂದು ನೋಡಬೇಕು. ‘ಜುಮ್ಮೆನ್ನುತ್ತದೆ’ ಎಂದರೆ ಹಲ್ಲಿನ ಬೇರಿನ ಭಾಗ ತೆರೆದಿದೆಯೇ ಎಂದು ನೋಡಬೇಕು. ಈ ಮೂರು ಮಾತುಗಳನ್ನೂ ‘ನೋವು’ ಎಂಬ ಒಂದೇ ಕಲಮಿನಲ್ಲಿ ಬರೆದರೆ, ಸಾಧನದ ದೋಷವನ್ನೂ ಹಾಕಿದ ಕೈಯ ದೋಷವನ್ನೂ ಹಲ್ಲಿನ ದೋಷವನ್ನೂ ಒಂದೇ ಮೂಟೆಯಲ್ಲಿ ಕಟ್ಟಿದಂತಾಗುವುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣಶಬ್ದಗಳಿಗೂ ವ್ಯಾಕರಣದಲ್ಲಿ ಸ್ಥಾನವನ್ನು ಕೊಟ್ಟಿದ್ದಾನೆ. ವೈದ್ಯರ ಪ್ರಶ್ನಾವಳಿಯಲ್ಲಿಯೂ ಅವುಗಳಿಗೆ ಸ್ಥಾನವು ಸಲ್ಲತಕ್ಕದ್ದು.

ಶಾಸ್ತ್ರವನ್ನು ಕನ್ನಡಿಸುವುದು ಕನ್ನಡಿಗರಿಗೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿಯೇ ರಚಿಸಿದನು. ಆ ಪರಂಪರೆಯ ಭಾಷೆಯಲ್ಲಿ ಹಲ್ಲುನೋವಿನ ಹತ್ತು ಮಾತುಗಳನ್ನು ಸರಿಯಾಗಿ ಆರಿಸಿ, ಬಯಲುಸೀಮೆ, ಕರಾವಳಿ, ಉತ್ತರ ಕರ್ಣಾಟಕಗಳ ಆಡುನುಡಿಗಳಲ್ಲಿ ಒರೆಹಚ್ಚಿ ನೋಡುವುದು ಅಸಾಧ್ಯವಾದ ಕಾರ್ಯವಲ್ಲ. ವೈದ್ಯರು ಮಾತ್ರವೇ ಅಥವಾ ಭಾಷಾಪಂಡಿತರು ಮಾತ್ರವೇ ಮಾಡುವ ಕಾರ್ಯವೂ ಅಲ್ಲ, ಇಬ್ಬರೂ ಕೂಡಬೇಕು.

೮. ಫಲಿತಾರ್ಥ

ಮೇಲಿನ ವಿಚಾರದಿಂದ ಈ ಅಂಶಗಳು ಸಿದ್ಧವಾಗುವುವು. ಹಿತ್ತಾಳೆಯ ತಂತಿಯು ಭದ್ರವಾಗಿ ನಿಲ್ಲುವುದಾದರೂ ಹಾಕುವಾಗ ಕಷ್ಟ. ರಬ್ಬರಿನ ಉಂಗುರವು ಎಡೆಯನ್ನು ಚೆನ್ನಾಗಿ ಕೊಡುವುದು, ಸಾಮಾನ್ಯವಾಗಿ ಸ್ಥಾನದಲ್ಲಿಯೇ ಇರುವುದು. ಆದರೆ ಒಸಡಿನೊಳಗೆ ಅಡಗುವ ಭಯವಿರುವುದರಿಂದ ಲೆಕ್ಕವೂ ಕಾಲಮಿತಿಯೂ ಆವಶ್ಯಕ. ಸ್ಪ್ರಿಂಗನ್ನು ಹಾಕುವುದೂ ತೆಗೆಯುವುದೂ ಸುಲಭ, ರೋಗಿಗೆ ಸಹ್ಯ. ಆದರೆ ಉದುರುವ ಸಂಭವ ಹೆಚ್ಚು. ಮೂರರಲ್ಲಿ ಯಾವುದನ್ನಾದರೂ ಸರಿಯಾಗಿ ಹಾಕಿ, ತಕ್ಕ ಕಾಲದಲ್ಲಿ ತೆಗೆದರೆ ಉಂಗುರಕ್ಕೆ ಬೇಕಾದ ಎಡೆ ದೊರಕುವುದು. ಹಾಗಾಗಿ ಎಡೆಯ ವಿಷಯದಲ್ಲಿ ಇವುಗಳ ತಾರತಮ್ಯವು ಅಲ್ಪ. ನೋವಿನ ವಿಷಯದಲ್ಲಿ ತಾರತಮ್ಯವು ಅಲ್ಪವೋ ಅಧಿಕವೋ ಎಂಬುದು ಕೇಳುವ ಕ್ರಮವನ್ನು ಅವಲಂಬಿಸಿದೆ.

ಸಾಧನವು ಬಾಯಲ್ಲಿರುವುದು ಒಂದು ವಾರ. ಆದರೆ ಎರಡು ವರ್ಷಗಳವರೆಗೂ ನಡೆಯಬಹುದಾದ ಚಿಕಿತ್ಸೆಯಲ್ಲಿ ಮಗುವಿಗೆ ಆಗುವ ಮೊದಲ ಅನುಭವ ಇದೇ. ‘ಏನೂ ನೋವಾಗುವುದಿಲ್ಲ’ ಎಂದು ಕಳುಹಿಸಿದ ಮಗುವಿಗೆ ಎರಡನೆಯ ದಿನ ರೊಟ್ಟಿಯನ್ನು ಅಗಿಯಲಾಗದಿದ್ದರೆ, ಅಲ್ಲಿಂದ ಮುಂದೆ ವೈದ್ಯನ ಯಾವ ಮಾತೂ ಅದಕ್ಕೆ ಪ್ರಮಾಣವಾಗುವುದಿಲ್ಲ. ‘ಈ ರಾತ್ರಿಯಿಂದ ನಾಳೆಯವರೆಗೆ ಕಚ್ಚಿದರೆ ನೋಯುವುದು, ಮೆತ್ತಗಿನದನ್ನು ಉಣ್ಣು, ಮೂರು ನಾಲ್ಕು ದಿನಗಳಲ್ಲಿ ತಗ್ಗುವುದು’ ಎಂದು ಹೇಳಿದರೆ ನೋವು ಬಂದಾಗಲೂ ಮಾತು ನಿಜವಾಗುವುದು. ವೈದ್ಯನು ರೋಗಿಯ ಮಾತನ್ನು ಪ್ರಮಾಣವಾಗಿ ಸ್ವೀಕರಿಸಬೇಕಾದರೆ ಅವನ ಮಾತೂ ರೋಗಿಗೆ ಪ್ರಮಾಣವಾಗಿರಬೇಕು. ದಂತಾಂತರಸಾಧನಗಳ ತಾರತಮ್ಯವು ಯಥಾರ್ಥವಾಗಿ ನಿಶ್ಚಯವಾಗುವುದು, ಉಕ್ಕಿನ ಎಲೆಗೆ ಕೊಡುವಷ್ಟೇ ಗಮನವನ್ನು ಈ ಎರಡು ಮಾತುಗಳಿಗೂ ಕೊಟ್ಟಾಗ.